ಸರಿಸಮ ಬಂದ ಮೀನಿನ ಲೆಕ್ಕ

ಮರೇಟಾ ನಮ್ಮ ತರಾವಾ ದ್ವೀಪದ ಅಂಕಿಅಂಶ ಕಚೇರಿಯಲ್ಲಿ ಹನ್ನೊಂದು ವರ್ಷ ಮನೆಮನೆಗೆ ಹೋಗಿ ಕೇಳಿ ಮೀನಿನ ಲೆಕ್ಕ ಬರೆದವಳು. ಯಾವ ಮನೆ ಎಷ್ಟು ಹಿಡಿಯಿತು, ಯಾವ ಮನೆ ಎಷ್ಟು ತಿಂದಿತು, ಇಷ್ಟೇ. ಅವಳ ಪಟ್ಟಿಯನ್ನು ಯಾರೂ ಓದುತ್ತಿರಲಿಲ್ಲ. ಪಕ್ಕದ ಮೇಜಿನ ನಾನೂ ಓದಿರಲಿಲ್ಲ. ಸುವಾ ನಗರದ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಸಾಹೇಬರು ನಮ್ಮಿಬ್ಬರನ್ನೂ ಕರೆದುಕೊಂಡು ಹೋದಾಗ ನನಗೆ ಆಸೆಯಿದ್ದದ್ದು ಅಲ್ಲಿಯ ಊಟದ ಮೇಲೆ.

ಮೊದಲ ದಿನ ಎಲ್ಲರೂ ತಮ್ಮ ಲೆಕ್ಕವನ್ನು ದೊಡ್ಡ ಹಾಳೆಯಲ್ಲಿ ಗೋಡೆಗೆ ಅಂಟಿಸಬೇಕು, ಮರುದಿನ ಅದರ ಬಗ್ಗೆ ಮಾತಾಡಬೇಕು. ಚಹಾದ ಹೊತ್ತಿಗೆ ತುವಾಲು ದ್ವೀಪದ ಸೆಮೇಸೆ ಎಂಬ ಹಿರಿಯರು ಮರೇಟಾಳ ಹಾಳೆಯ ಮುಂದೆ ನಿಂತವರು ಕದಲಲೇ ಇಲ್ಲ.

"ಅಲ್ಲಮ್ಮಾ, ಹಿಡಿದದ್ದೂ ತಿಂದದ್ದೂ ಹನ್ನೊಂದು ವರ್ಷನೂ ಸರಿಸಮ ಬಂದಿದೆಯಲ್ಲ? ನಮ್ಮ ಕಡೆ ಒಂದು ವರ್ಷನೂ ಬರಲ್ಲ. ಅದ್ಹೆಂಗೆ ಮಾಡ್ತೀಯ, ನಂಗೂ ಹೇಳ್ಕೊಡು."

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮರೇಟಾ ಕಪ್ಪು ಕೆಳಗಿಟ್ಟಳು.

"ಬರಲ್ಲ ಅಣ್ಣ. ನಾನೇ ಬರಿಸಿದ್ದು. ತಿಂದದ್ದು ಯಾವಾಗ್ಲೂ ಜಾಸ್ತಿ ಬರೋದು. ಕೊನೆಯ ಮೊತ್ತ ತಾಳೆ ಆಗದಿದ್ರೆ ಸಾಹೇಬರು ಬೈತಾರೆ ಅಂತ ಕಡಿಮೆ ಮಾಡಿ ಬರೀತಿದ್ದೆ."

ಕೆಲಸ ಹೋಗುವ ಮಾತಿದು. ಸೆಮೇಸೆ ಮಾತ್ರ ಕುರ್ಚಿ ಎಳೆದುಕೊಂಡು ಕೂತರು.

"ಎಷ್ಟು ಜಾಸ್ತಿ?"

"ಹಿಡಿದವರು ಮೂರು ಅಂದ್ರೆ ತಿಂದವರು ನಾಲ್ಕು ಅಂತಾರೆ. ನಮ್ಮಲ್ಲಿ ಹಿಡಿದವನು ಇಷ್ಟು ಹಿಡಿದೆ ಅಂತ ಹೇಳ್ಕೊಂಡ್ರೆ ಜಂಬ. ಅವನ ಹತ್ರ ಇಸ್ಕೊಂಡು ತಿಂದವರು ಕಡಿಮೆ ಹೇಳಿದ್ರೆ ಉಪಕಾರ ಮರೆತ ಹಂಗೆ. ಅವನು ಇಳಿಸ್ತಾನೆ, ಇವರು ಏರಿಸ್ತಾರೆ."

"ಹಂಗಾದ್ರೆ ಆ ವ್ಯತ್ಯಾಸ ತಪ್ಪಲ್ಲ ತಾಯಿ. ಊರಲ್ಲಿ ಎಷ್ಟು ಹಂಚ್ಕೊಂಡು ತಿಂತಾರೆ ಅನ್ನೋದು ಅದರಲ್ಲೇ ಇದೆ. ನಾನೂ ಒಂಬತ್ತು ವರ್ಷ ಅದನ್ನ ತಪ್ಪು ಅಂದ್ಕೊಂಡಿದ್ದ ದಡ್ಡ."

ಟೊಂಗಾದವರಿಬ್ಬರು ಬಂದರು, ಸಮೋವಾದವಳೊಬ್ಬಳು ಬಂದಳು, ಜಗಳದಂಥ ಚರ್ಚೆಯೇ ಶುರುವಾಯಿತು. ಯಾರಿಗೂ ಬೇಡವಾದ ಚಿಂತೆಯೊಂದನ್ನು ಒಬ್ಬಳೇ ಹೊತ್ತವಳಿಗೆ ಅದೇ ಚಿಂತೆಯ ಜನ ತುಂಬಿದ ಕೋಣೆ ಸಿಕ್ಕರೆ ಹೇಗಿರುತ್ತದೆ ಎಂದು ಅವಳ ಮುಖದಲ್ಲಿ ಕಂಡೆ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಮರುದಿನ ಸಾಹೇಬರು ಮುಂದಿನ ಸಾಲಿನಲ್ಲೇ ಕೂತಿರುವಾಗ, ಗೋಡೆಯ ಮೇಲಿನ ತನ್ನ ಪಟ್ಟಿ ಸುಳ್ಳೆಂದೇ ಅವಳು ಮಾತು ಆರಂಭಿಸಿದಳು. ಮಾತು ಮುಗಿದಾಗ ಪ್ರಶ್ನೆ ಕೇಳಲು ಹದಿನಾಲ್ಕು ಕೈಗಳು ಮೇಲೆದ್ದವು. ಎಲ್ಲಕ್ಕೂ ಉತ್ತರಿಸಿ ವೇದಿಕೆಯಿಂದ ಇಳಿದವಳನ್ನು ಸಾಹೇಬರು ಬಾಗಿಲ ಬಳಿ ತಡೆದರು.

"ಜನ ಹೇಳಿದ್ದ ನಿಜವಾದ ಲೆಕ್ಕ ಎಲ್ಲಿ? ಹರಿದು ಹಾಕಿದ್ಯಾ?"

"ಇಲ್ಲ ಸಾರ್. ಹನ್ನೊಂದು ವರ್ಷದ್ದೂ ಮನೇಲಿದೆ."

"ತಂದು ನನ್ನ ಮೇಜಿನ ಮೇಲಿಡು," ಎಂದರು ನೆಲ ನೋಡುತ್ತಾ. "ಬೈಯೋಕೆ ಮುಂಚೆ ಒಂದ್ಸಲನಾದ್ರೂ ನಾನು ಓದಬೇಕಿತ್ತು."