ಗ್ಯಾಸ್ ವ್ಯಾನು ಮತ್ತು ಐದನೆಯ ನಿಂಬೆಹಣ್ಣು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ‘ಸ್ಸ್ಸ್ಸ್’ ಸದ್ದು ಬಂದದ್ದು ಗ್ಯಾಸ್ ಟ್ಯಾಂಕಿನಿಂದಲ್ಲ, ನನ್ನ ಬಾಯಿಂದ. ಮಾಡಬಾರದಿತ್ತು. ಆದರೆ ಚೆನ್ನಾಗಿ ಮಾಡಿಬಿಟ್ಟೆ, ತೊಂದರೆಯಾದದ್ದೇ ಅಲ್ಲಿ.

ನಮ್ಮ ಸೋದರಮಾವನದು ಒಂದು ಹಳೆಯ ಪೆಟ್ರೋಲ್ ವ್ಯಾನು. ಪಾಲಕೋಡ್ ಪಕ್ಕದ ನಮ್ಮೂರಿಂದ ಹೂವಿನ ಹೆಂಗಸರನ್ನೂ ಅವರ ಮೂಟೆಗಳನ್ನೂ ತುಂಬಿಕೊಂಡು ದಿನಾ ಬೆಳಗ್ಗೆ ಧರ್ಮಪುರಿ ಮಾರ್ಕೆಟ್ಟಿಗೆ ಹೋಗುವುದು ಅದರ ಕೆಲಸ. ಮಾವನ ಮನೆಯ ಒಲೆ ಉರಿಯುವುದು ಆ ಒಂದು ಟ್ರಿಪ್ಪಿನಿಂದ. ಆದರೆ ಮದುವೆ ಮನೆಯಲ್ಲಿ ನಾನು ಪಾಯಸ ಕುಡಿಯುವ ಹಾಗೆ ಆ ವ್ಯಾನು ಪೆಟ್ರೋಲ್ ಕುಡಿಯುತ್ತಿತ್ತು. ಗ್ಯಾಸಿಗೆ ಬದಲಾಯಿಸದೆ ಬೇರೆ ದಾರಿಯಿಲ್ಲ ಎಂದು ಮಾವ ಸೇಲಂಗೆ ಹೊರಟ. ಸಹಾಯಕ್ಕೆಂದು ನಾನೂ ಹೋದೆ. ಪರೋಟ ತಿನ್ನುವುದರಲ್ಲಿ ತುಂಬಾ ಸಹಾಯ ಮಾಡಿದೆ.

ಅಲ್ಲಿನ ಮೆಕ್ಯಾನಿಕ್ ಹಿಂದಿನ ಸೀಟಿನ ಬೆನ್ನಿಗೆ ಟ್ಯಾಂಕು ಕೂರಿಸಿದ. ಅಲ್ಲಿಂದ ಇಂಜಿನ್‌ವರೆಗೆ ಪೈಪು ಎಳೆದು, ಸ್ಟಿಯರಿಂಗ್ ಪಕ್ಕ ಒಂದು ಸ್ವಿಚ್ಚು ಇಟ್ಟ. ಗಾಡಿಯನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಬೇಕು, ಇಂಜಿನ್ ಬಿಸಿಯಾದ ಮೇಲೆ ಸ್ವಿಚ್ಚು ಒತ್ತಿದರೆ ಗ್ಯಾಸು. ಟ್ಯಾಂಕಿನ ಮೇಲಿದ್ದ ಹಿತ್ತಾಳೆಯ ವಾಲ್ವನ್ನು ತಟ್ಟಿ, “ಬಯಪ್ಪಡಾದೀಂಗ ಅಣ್ಣೇ, ವೆಡಿಕ್ಕಾದು” ಎಂದ. ಹೆದರಬೇಡಿ, ಸಿಡಿಯಲ್ಲ, ಪೈಪು ಒಡೆದರೂ ಈ ವಾಲ್ವು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಎಂದು. ವಾಪಸ್ ಬರುವಾಗ ತೊಪ್ಪೂರು ಘಾಟಿ ಹತ್ತುವಷ್ಟು ಹೊತ್ತೂ ಮಾವ ಆ ಮಾತನ್ನೇ ಜಪ ಮಾಡಿದ. ಪಕ್ಕದಲ್ಲಿ ಕೂತು ನಾನು ಅದೇ ಮಾತನ್ನು ಒಂದು ಸಲ ಮೆಕ್ಯಾನಿಕ್ಕಿನ ದನಿಯಲ್ಲಿ, ಒಂದು ಸಲ ಮಾವನ ದನಿಯಲ್ಲಿ ಹೇಳುತ್ತ ಬಂದೆ. ಎರಡನೆಯದಕ್ಕೆ ತಲೆಗೆ ಏಟು ಬಿತ್ತು.

ಆರ್‌ಸಿಯಲ್ಲೂ ಗ್ಯಾಸ್ ಎಂದು ಬರೆಸಿಕೊಂಡ ಮೇಲೆ ಮೊದಲ ಟ್ರಿಪ್ಪು. ಹೆಂಗಸರು ಹತ್ತಲು ಹಿಂದೆಮುಂದೆ ನೋಡಿದರು. ಎಲ್ಲರಿಗೂ ಹಿರಿಯಳು ಕನಕಾಂಬರದ ಅಜ್ಜಿ. ಅವಳು ಹತ್ತಿದರೆ ಎಲ್ಲರೂ ಹತ್ತಿದಂತೆ. ಅವಳು ಟ್ಯಾಂಕನ್ನು ದಿಟ್ಟಿಸಿ, “ಏನಪ್ಪಾ, ರಾತ್ರಿ ಮನಗೋವಾಗ ಇದ್ನ ಆಫ್ ಮಾಡ್ತೀಯಾ? ನಾನು ಅಡುಗೆಮನೇಲಿ ದಿನಾ ರೆಗ್ಯುಲೇಟರ್ ತಿರುಗಿಸೇ ಮನಗೋದು” ಎಂದಳು.

“ಇದು ತಾನಾಗೇ ಮುಚ್ಕೋತದವ್ವಾ. ಸಿಡಿಯಾಕಿಲ್ಲ. ನಾನಿಲ್ವಾ? ಬಾ, ಕೂತ್ಕೋ” ಎಂದ ಮಾವ, ಎದೆ ಮುಟ್ಟಿಕೊಂಡು.

ಹೊರಟೆವು. ಮಲ್ಲಿಗೆ, ಸೇವಂತಿಗೆ, ಬಿಸಿ ಕಾಫಿಯ ವಾಸನೆ, ಸೊಸೆಯಂದಿರ ದೂರು. ಮಾವ ಗತ್ತಿನಿಂದ ಸ್ವಿಚ್ಚು ಒತ್ತಿದ. ವ್ಯಾನು ಬೆಣ್ಣೆಯಂತೆ ಓಡಿತು. ಎಲ್ಲರೂ ಮಾವನನ್ನು ಹೊಗಳಿದರು. ನನ್ನ ಕಡೆ ಒಬ್ಬರೂ ನೋಡಲಿಲ್ಲ. ನನ್ನಂಥವನಿಗೆ ಇದು ಸಹಿಸುವ ವಿಷಯವೇ? ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ, ಹಲ್ಲಿನ ಸಂದಿಯಿಂದ ಮೆಲ್ಲಗೆ ಬಿಟ್ಟೆ: ಸ್ಸ್ಸ್ಸ್.

ಬ್ರೇಕು ಬಿತ್ತು. ಮೊದಲು ಹಾರಿದವನು ಮಾವ! ಆಮೇಲೆ ಅಜ್ಜಿ. ಮಂಡಿ ನೋವೆಂದು ದಿನಾ ನನ್ನ ಹೆಗಲು ಹಿಡಿದು ಇಳಿಯುತ್ತಿದ್ದವಳು ಆಡಿನ ಮರಿಯಂತೆ ನೆಗೆದು, ಕಾಲುವೆ ದಾಟಿ, ಟೊಮೆಟೊ ತೋಟದ ನಡುವೆ ನಿಂತಿದ್ದಳು. ನಗು ತಡೆಯಲಾರದೆ ನಾನೊಬ್ಬನೇ ವ್ಯಾನಿನಲ್ಲಿ ಉರುಳಾಡುತ್ತಿದ್ದೆ. ಹೊರಗಿನವರು ಅದನ್ನು ನೋಡಿ, “ಅಯ್ಯೋ, ಗ್ಯಾಸು ಉಡುಗನ ತಲೆಗೇರ್‌ಬುಟ್ಟೈತೆ!” ಎಂದು ಕೂಗಿದರು.

ಹೆಂಗಸರು ಮೂಟೆ ಹೊತ್ತು ಬಸ್ಸು ಹತ್ತಿದರು. ನಾಳೆಯಿಂದ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದರು. ಖಾಲಿ ವ್ಯಾನಿಗೆ ಒರಗಿ ನಿಂತ ಮಾವನ ಮುಖ ನೋಡಿದಾಗ ನನ್ನ ನಗು ನಿಂತಿತು.

ಸಂಜೆ ಅಜ್ಜಿಯ ಜಗಲಿಗೆ ಹೋದೆ. ಎಲ್ಲರೂ ಕೂತು ಹೂವು ಕಟ್ಟುತ್ತಿದ್ದರು. “ಆ ಸದ್ದು ಮಾಡಿದ್ದು ನಾನೇ ಅಜ್ಜಿ, ಗ್ಯಾಸಲ್ಲ” ಎಂದೆ.

ಅಜ್ಜಿ ದಾರದಿಂದ ಕಣ್ಣೆತ್ತಲಿಲ್ಲ. “ನಿಮ್ಮಾವ ಏಳ್ಕೊಟ್ಟು ಕಳ್ಸವ್ನೆ.”

“ಸತ್ಯಮಾ ನಾನೇ!”

“ಎಲ್ಲಿ, ಮಾಡು ನೋಡಾನ.”

ಮಾಡಿದೆ. ಆದರೆ ಬಾಯೆಲ್ಲ ಒಣಗಿತ್ತು. ಸೈಕಲ್ ಟ್ಯೂಬು ಬಿಕ್ಕಳಿಸಿದ ಹಾಗೆ ಏನೋ ಬಂತು. ಬಸ್ ಕಂಡಕ್ಟರಿನಿಂದ ಹಿಡಿದು ಈ ಅಜ್ಜಿಯ ಕೆಮ್ಮಿನವರೆಗೆ ಎಲ್ಲರನ್ನೂ ಅನುಕರಿಸಿದ್ದೇನೆ, ನನ್ನನ್ನೇ ಅನುಕರಿಸುವುದು ಮಾತ್ರ ಬರಲಿಲ್ಲ!

“ಥೂ, ಇದು ಅಲ್ಲು ಕಿತ್ತ ಆವಿನ ಬುಸ್ಸು. ಬೆಳಗ್ಗೆ ಕೇಳಿದ್ದು ಅಸಲು ಗ್ಯಾಸು” ಎಂದಳು ಸೇವಂತಿಗೆ ಮಾರುವ ಅಕ್ಕ.

“ವಾಸನೆ ಬಂತಾ ಅಕ್ಕಾ?” ಎಂದೆ.

“ಬರ್ದೆ ಏನು? ಮಲ್ಗೆ ಮೂಟೆ ಪಕ್ಕ ಕೂತಿದ್ರೂ ನನ್ ಮೂಗಿಗೆ ಬಂತು!”

ಅದೂ ಅಲ್ಲದೆ, ಗಾಡಿ ಯಜಮಾನನೇ ಓಡಿದ ಮೇಲೆ ಇನ್ನೇನು ಸಾಕ್ಷಿ ಬೇಕು ಎಂಬುದು ಎಲ್ಲರ ವಾದ. ನಾನು ಅಜ್ಜಿಯ ಕಾಲು ಹಿಡಿದೆ. “ನನಗೆ ಬೇಕಾದ್ದು ಬಯ್ಯಿ ಅಜ್ಜಿ. ಮಾವನ ಗಾಡಿ ಬಿಡಬ್ಯಾಡ. ಇನ್ನೊಂದು ಸಲ ಕೂತು ನೋಡು.”

ಅವಳು ಕಟ್ಟುತ್ತಿದ್ದ ಮಾಲೆ ಮುಗಿಸಿ, ದಾರವನ್ನು ಹಲ್ಲಲ್ಲಿ ಕಡಿದು, “ಆಯ್ತು. ನಾಳೆ ಬತ್ತೀನಿ” ಎಂದಳು.

ಮರುದಿನ ಬೆಳಗ್ಗೆ ಅವಳ ಮಡಿಲಲ್ಲಿ ನಿಂಬೆಹಣ್ಣುಗಳಿದ್ದವು. ಹೊಸ ಗಾಡಿಗೆ ಮಾಡುವಂತೆ ನಾಲ್ಕನ್ನು ನಾಲ್ಕು ಚಕ್ರದಡಿ ಇಟ್ಟಳು. ಕೈಯಲ್ಲಿ ಇನ್ನೂ ಒಂದು ಉಳಿದಿತ್ತು.

“ಐದನೇದು ಯಾಕಜ್ಜಿ? ಸ್ಟೆಪ್ನಿಗಾ?”

“ಬಾಯ್ ತಗಿ.”

ತೆಗೆದೆ. ಇಡೀ ಹಣ್ಣನ್ನು ತುರುಕಿದಳು. “ಈಗ ಓಡ್ಲಿ ಗಾಡಿ. ಸದ್ದು ಬಂದ್ರೆ ಗ್ಯಾಸು, ಬರ್ದಿದ್ರೆ ಇವ್ನು” ಎಂದು ನನ್ನನ್ನು ಟ್ಯಾಂಕಿನ ಮುಂದೆಯೇ ಕೂರಿಸಿ, ಪಕ್ಕದಲ್ಲಿ ತಾನು ಕೂತಳು. ಉಳಿದವರು ಬಾಗಿಲ ಹತ್ತಿರ, ಸೀರೆ ಎತ್ತಿ ಕಟ್ಟಿಕೊಂಡು ಕೂತರು.

ಮಾವ ದೇವರಿಗೆ ಕೈಮುಗಿದು ಸ್ವಿಚ್ಚು ಒತ್ತಿದ. ಅಷ್ಟು ಮಾತಿಲ್ಲದ ಟ್ರಿಪ್ಪು ಆ ವ್ಯಾನು ಎಂದೂ ಕಂಡಿರಲಿಲ್ಲ. ಸೊಸೆಯಂದಿರೂ ಬಚಾವಾದರು. ಎಲ್ಲರ ಕಿವಿ ಟ್ಯಾಂಕಿನ ಮೇಲೆ, ಕಣ್ಣು ನನ್ನ ಮೇಲೆ. ಹುಳಿ ಗಲ್ಲದ ಮೇಲಿಂದ ಅಂಗಿಗೆ ಇಳಿಯುತ್ತಿತ್ತು. ಸದ್ದಿಲ್ಲ. ಊರು ಕಳೆಯಿತು, ನಿನ್ನೆಯ ಟೊಮೆಟೊ ತೋಟ ಕಳೆಯಿತು. ಸದ್ದಿಲ್ಲ.

ಧರ್ಮಪುರಿ ಬಸ್ ಸ್ಟ್ಯಾಂಡ್ ಹತ್ತಿರ ಬಂದಾಗ ಕಿವಿಯ ಪಕ್ಕದಲ್ಲೇ ‘ಸ್ಸ್ಸ್ಸ್!’

ಸೇವಂತಿಗೆ ಅಕ್ಕ ಬಾಗಿಲ ಹಿಡಿಗೆ ಕೈ ಹಾಕಿದಳು. ಬ್ರೇಕು ಹಾಕಿದ ಮಾವನ ಒಂದು ಕಾಲು ಆಗಲೇ ಹೊರಗಿತ್ತು. ಬಾಯಿ ಮುಚ್ಚಿದ್ದ ನಾನು ಎರಡೂ ಕೈಯಿಂದ ಕಿಟಕಿಯಾಚೆ ತೋರಿಸಿದೆ. ಪಕ್ಕದಲ್ಲಿ ಸೇಲಂ ಬಸ್ಸೊಂದು ಏರ್‌ಬ್ರೇಕ್ ಹಾಕಿ ನಿಂತು, ಇನ್ನೊಮ್ಮೆ ಬುಸುಗುಟ್ಟಿತು.

ಮೊದಲು ನಕ್ಕವಳು ಅಜ್ಜಿ. ಆಮೇಲೆ ವ್ಯಾನಿಗೆ ವ್ಯಾನೇ ನಕ್ಕು ಅಲುಗಾಡಿತು. ಮಾವ ಹೊರಗಿದ್ದ ಕಾಲನ್ನು ಏನೂ ಆಗದವನಂತೆ ಒಳಗೆಳೆದುಕೊಂಡ. ಮಾರ್ಕೆಟ್ಟಿನಲ್ಲಿ ಇಳಿಯುವಾಗ ಒಬ್ಬೊಬ್ಬರೂ “ನಾಳೆ ಬೇಗ ಬಾಪ್ಪಾ” ಎಂದು ಅವನಿಗೆ ಹೇಳಿ ಹೋದರು. ಅವನ ಮುಖ ಸೇವಂತಿಗೆಯಂತೆ ಅರಳಿತು.

ನಾನು ನಿಂಬೆಹಣ್ಣು ಉಗಿದು, ಜುಮುಗುಟ್ಟುವ ಹಲ್ಲುಗಳ ನಡುವಿನಿಂದ, “ನೋಡಿದ್ಯಾ ಅಜ್ಜಿ? ನಾನು ಏಳ್ಲಿಲ್ವಾ? ಇನ್ನು ನಾಳೆಯಿಂದ ನಿಂಬೆಣ್ಣು ಬ್ಯಾಡ ಅಲ್ವಾ?” ಎಂದೆ.

ಅಜ್ಜಿ ನನ್ನ ಹೆಗಲು ಹಿಡಿದು ಇಳಿದು, ಮಾವನ ಕಡೆ ತಿರುಗಿದಳು.

“ಸೇಲಂಗೆ ಓದಾಗ ಆ ತಾನಾಗೇ ಮುಚ್ಕೊಳ್ಳೋ ವಾಲ್ವು ಇನ್ನೊಂದು ತಂದು ನಿನ್ನಳಿಯನ ಬಾಯ್ಗೆ ಆಕ್ಸಪ್ಪಾ. ಅಲ್ಲೀಗಂಟ ನಿಂಬೆಣ್ಣು ನಾನೇ ತತ್ತೀನಿ.”