ನನ್ನ ಹೆಸರಿಗೆ ಬಂದ ಬೆಳೆ ಪರಿಹಾರ

ನಂದಗುಡಿ ಹೋಬಳಿಯಲ್ಲಿ ಅಪ್ಪನಿಂದ ಬಂದ ಒಂದೂವರೆ ಎಕರೆ ಹೊಲ ನನಗಿದೆ. ನಾನು ಸ್ಕೂಲ್ ಮೇಷ್ಟ್ರು, ನೇಗಿಲು ಹಿಡಿದವನಲ್ಲ. ಹನ್ನೆರಡು ವರ್ಷದಿಂದ ಅದನ್ನು ವಾರಕ್ಕೆ, ಅಂದರೆ ಪಾಲಿಗೆ, ಮಾಡುತ್ತಿರುವವಳು ಪಕ್ಕದ ಹೊಲದ ಅಕ್ಕ. ಬೀಜ, ಗೊಬ್ಬರ, ಬೆವರು ಅವಳದು. ಬೆಳೆದದ್ದರಲ್ಲಿ ಅರ್ಧ ನನ್ನದು. ಕಣದಲ್ಲಿ ರಾಗಿ ಅಳೆಯುವಾಗ ನಾನು ಒಂದು ದಿನವೂ ಹೋಗಿ ನಿಂತವನಲ್ಲ. ಅವಳೇ ಅಳೆದು, ನನ್ನ ಪಾಲನ್ನು ಮೂಟೆ ಕಟ್ಟಿ ಮನೆಗೆ ಕಳಿಸುತ್ತಿದ್ದಳು. ಮೊದಲ ಕೊಳಗವನ್ನು ಒಂದು ಎನ್ನದೆ ‘ಲಾಭ’ ಎಂದು ಎಣಿಸುವುದು ನಮ್ಮ ಕಡೆಯ ಪದ್ಧತಿ. ಆ ಲಾಭ ಯಾವಾಗಲೂ ನನ್ನ ರಾಶಿಗೇ ಬೀಳುತ್ತಿತ್ತಂತೆ.

ಹೋದ ವರ್ಷ ಕುಯ್ಲಿನ ಹೊತ್ತಿಗೆ ಐದು ದಿನ ಜಡಿಮಳೆ ಹಿಡಿದು ರಾಗಿ ತೆನೆಯಲ್ಲೇ ಮೊಳೆಯಿತು. ಹಾಳಾದ ಬೆಳೆಯ ಫೋಟೊ ತೆಗೆಯಲು ಸರ್ಕಾರದ ಕಡೆಯವರು ಬಂದರು. ಪಹಣಿ ನನ್ನ ಹೆಸರಲ್ಲಿತ್ತಲ್ಲ, ಇಸ್ತ್ರಿ ಶರ್ಟಿನಲ್ಲಿ ಹೊಲದ ನಡುವೆ ನಿಂತೆ. ಅಕ್ಕ ಫೋಟೊಗೆ ಅಡ್ಡ ಬರಬಾರದೆಂದು ಬದುವಿಗೆ ಸರಿದು, “ವಸಿ ಬಗ್ಗಿ ತೆನೆ ಹಿಡ್ಕೊಳ್ಳಿ ಮೇಷ್ಟ್ರೇ, ಆಗ ಗೊತ್ತಾಯ್ತದೆ” ಎಂದಳು. ಹಿಡಿದುಕೊಂಡೆ.

ಪರಿಹಾರ ನನ್ನ ಖಾತೆಗೆ ಬಿತ್ತು. ಮೆಸೇಜ್ ಬಂದಾಗ ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಸಂಜೆ ಅಕ್ಕನಿಗೆ ಹೇಳೋಣವೆಂದುಕೊಂಡೆ, ಹೇಳಲಿಲ್ಲ. ಒಂದೆರಡು ದಿನ ಬಿಟ್ಟು ದಾರಿಯಲ್ಲಿ ಸಿಕ್ಕವಳು, “ದುಡ್ಡೇನಾರ ಬಂತಾ ಮೇಷ್ಟ್ರೇ?” ಎಂದು ಕೇಳಿದಳು. “ಇನ್ನೂ ಇಲ್ಲ ಅಕ್ಕ” ಅಂದುಬಿಟ್ಟೆ. ತಿಂಗಳ ಸಂಬಳ ಬರುವವನಿಗೆ ಆ ದುಡ್ಡಿಲ್ಲದೆ ಒಲೆಯೇನೂ ಆರುತ್ತಿರಲಿಲ್ಲ. ಪಹಣಿ ನನ್ನದು, ದುಡ್ಡೂ ನನ್ನದೇ ಎಂದು ನನಗೆ ನಾನೇ ಹೇಳಿಕೊಂಡೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ನನ್ನಂಥ ಮೇಷ್ಟ್ರನ್ನು ನೋಡಿಯೇ ಹುಟ್ಟಿರಬೇಕು.

ಅಕ್ಕ ನನ್ನ ಮಾತನ್ನು ನಂಬಿದಳು. ನಂಬಿ ಸುಮ್ಮನಿರದೆ, ನನ್ನ ಪರವಾಗಿ ನಾಡಕಚೇರಿಗೆ ಅಲೆದಳು. ಮೂರನೆಯ ಸಲ ಅಲ್ಲಿಂದಲೇ ಫೋನ್ ಮಾಡಿ, “ನಿಮ್ ಆಧಾರ್ ಬೇಕಂತೆ, ಬಂದ್ಬಿಡಿ” ಎಂದಳು. ನೆಪ ಹೊಳೆಯಲಿಲ್ಲ, ಹೋದೆ. ಗುಮಾಸ್ತ ಕಂಪ್ಯೂಟರ್ ನೋಡಿ, “ದುಡ್ಡು ಬಿದ್ದು ತಿಂಗಳಾಯ್ತಲ್ಲ ಸಾರ್” ಎಂದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಅವ್ರು ಮೆಸೇಜ್ ನೋಡಿರಾಕಿಲ್ಲ ಕಣಪ್ಪ” ಎಂದಳು ಅಕ್ಕ. “ನಮ್ ಮೇಷ್ಟ್ರು ಅಂಥೋರಲ್ಲ.”

ನಾನು ಹೌದೆಂದು ತಲೆಯಾಡಿಸಿದೆ. ಹೇಳಿದ ಸುಳ್ಳಿಗಿಂತ, ಹಾಗೆ ತಲೆಯಾಡಿಸಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೊರಗೆ ಬಂದು ಎಟಿಎಂನಲ್ಲಿ ಅಷ್ಟನ್ನೂ ತೆಗೆದು ಅವಳ ಕೈಗಿಟ್ಟೆ. ಅರ್ಧ ಇಟ್ಟುಕೊಂಡು ಅರ್ಧ ವಾಪಸ್ ಕೊಟ್ಟಳು. “ನಮ್ ಮಾತು ಅರ್ಧಕ್ಕಲ್ವಾ” ಎಂದಳು. ನನ್ನ ಮುಖ ನೋಡಲಿಲ್ಲ.

ಈ ವರ್ಷ ರಾಗಿ ಚೆನ್ನಾಗಿ ಬಂತು. ಒಕ್ಕಣೆ ಮುಗಿದ ಮಾರನೆಯ ಬೆಳಿಗ್ಗೆ ಅಕ್ಕ ಬಾಗಿಲಿಗೆ ಬಂದಳು. ಕರೆದರೂ ಒಳಗೆ ಬರಲಿಲ್ಲ.

“ಇವತ್ತು ಅಳ್ತೆ. ನೀವೂ ಬಂದು ನಿಂತ್ಕೊಳ್ಳಿ ಮೇಷ್ಟ್ರೇ. ಎಲ್ಲಾ ಕಣ್ಮುಂದೇನೇ ಆಗ್ಲಿ.”

ಹೋಗಿ ನಿಂತೆ. ಅವಳು ಕೊಳಗ ತುಂಬಿ, ಅಂಗೈಯಿಂದ ಮೇಲೆ ಸವರಿ, ನನಗೆ ತೋರಿಸಿ, “ಲಾಭ” ಎಂದು ನನ್ನ ರಾಶಿಗೆ ಸುರಿದಳು. ಎರಡನೆಯದನ್ನು ತನ್ನ ರಾಶಿಗೆ ಸುರಿಯುವ ಮುನ್ನವೂ ತೋರಿಸಿದಳು. ಕೊನೆಯ ಕೊಳಗದವರೆಗೂ ಒಂದೊಂದನ್ನೂ ತೋರಿಸಿದಳು.