ಸುವೈಕ್‌ನಲ್ಲಿ ಕೇಳಿದ ಕುವೈತಿನ ಗುರುವಾರ

ತೊಂಬತ್ತನೆಯ ಇಸವಿಯ ಡಿಸೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಜಲಜಕ್ಕ ಮತ್ತು ನಾನು ಗಲ್ಫಿನಲ್ಲಿ ನಾವಿದ್ದ ಹಮ್ರಿಯಾದಿಂದ ಹೊರಟೆವು. ಜಲಜಕ್ಕ ನಮ್ಮ ಕೆಳಗಿನ ಫ್ಲ್ಯಾಟಿನವರು. ಅವರ ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಸುವೈಕ್‌ಗೆ ಸುಮಾರು ನೂರಮೂವತ್ತು ಕಿಲೋಮೀಟರ್. ಶೇರ್ ಟ್ಯಾಕ್ಸಿಯಲ್ಲಿ ತಲೆಗೆ ಒಂದೂವರೆ ರಿಯಾಲ್. ಬರ್ಕಾ ದಾಟಿದ ಮೇಲೆ ಗಾಳಿ ತಣ್ಣಗಿತ್ತು. ಬಲಕ್ಕೆ ಖರ್ಜೂರದ ತೋಟಗಳು ಉದ್ದಕ್ಕೂ ಬಂದವು.

ಜಲಜಕ್ಕನ ತಮ್ಮ ವಿಠಲ ಕುವೈತಿನ ಸೈನ್ಯದ ಮೆಸ್ಸಿನಲ್ಲಿ ಅಡುಗೆಯವನು. ಆಗಸ್ಟಿನಲ್ಲಿ ಇರಾಕಿನವರು ನುಗ್ಗಿದಂದಿನಿಂದ ಸುದ್ದಿಯಿಲ್ಲ. ಇನ್ನು ಕಾಯುವುದು ಬೇಡ, ಬೊಜ್ಜ ಮುಗಿಸೋಣ ಎಂದು ಊರಿನ ಹಿರಿಯರು ಉತ್ತರಕ್ರಿಯೆಗೆ ದಿನ ನೋಡುತ್ತಿದ್ದರು. ತಾಯಿ ಒಪ್ಪಿರಲಿಲ್ಲ. ಆ ಸಂಜೆ ಜಲಜಕ್ಕ ತಾಯಿಗೆ ಫೋನ್ ಮಾಡಿ ಏನಾದರೊಂದು ಹೇಳಬೇಕಿತ್ತು.

ಮಂಗಳೂರಿನ ಫೆಲಿಕ್ಸ್ ಕುವೈತಿನಿಂದ ಅಮ್ಮಾನ್, ಮುಂಬಯಿ ಸುತ್ತಿ ಬಂದು ಸುವೈಕ್‌ನಲ್ಲಿ ಭಾವನ ಟೈಲರಿಂಗ್ ಅಂಗಡಿ ಸೇರಿದ್ದರು. ಅವರಿಗೆ ವಿಠಲನ ಪರಿಚಯವಿತ್ತು. ನಮ್ಮನ್ನು ಮನೆಯಲ್ಲಿ ಕೂರಿಸಿ ಹೇಳತೊಡಗಿದರು.

"ಜಹ್ರಾ ರೋಡಲ್ಲಿ ಟ್ಯಾಂಕು ಸಾಲಾಗಿ ಬರ್ತಾ ಉಂಟು. ನಾವು ಟೆರೇಸಿನಲ್ಲಿ. ಪರೇಡ್ ಅಂತ ಎಣಿಸಿದ್ದು. ಕುವೈತಿನವರು ಹೊಡೀಲಿಕ್ಕೆ ಶುರು ಮಾಡಿದ ಮೇಲೆ ಗೊತ್ತಾಯ್ತು, ಪಟ್ಟಣಕ್ಕೆ ಬಾರದ ಹಾಗೆ ತಡೀತಿದ್ದಾರೆ ಅಂತ. ಮಧ್ಯಾಹ್ನದವರೆಗೂ ಬಿಡ್ಲಿಲ್ಲ. ಗುಂಡು ಮುಗಿದ ಮೇಲೆ ಸೌದಿ ಕಡೆ ಹೋದ್ರು."

ಸ್ವಲ್ಪ ಹೊತ್ತಿನಲ್ಲೇ ಅವರ ಮಾತಿನಲ್ಲಿ ಆ ಮಧ್ಯಾಹ್ನ ಸಂಜೆಯಾಯಿತು, ಟ್ಯಾಂಕುಗಳು ಬೇರೆ ದಿಕ್ಕಿನಿಂದ ಬಂದವು. ಯಾವುದು ಸರಿ ಎಂದು ಕೇಳಿದೆ.

"ಪೊಲೀಸಿನವರ ಹಾಗೆ ಕೇಳ್ಬೇಡಿ ಭಟ್ರೇ. ಹೆಂಡತಿ ಕಿವಿಗೆ ದಿಂಬು ಒತ್ತಿ ಕೂತದ್ದು ಮಾತ್ರ ನನಗೆ ಸರಿ ನೆನಪುಂಟು."

"ವಿಠಲ?" ಎಂದರು ಜಲಜಕ್ಕ.

"ಮೆಸ್ಸಿನ ಗಾಡಿ ಸೈನ್ಯದ ಹಿಂದೆ ಹೋಗಿತ್ತಂತೆ ಅಕ್ಕ. ಆದ್ರೆ ಆಮೇಲೆ ನಾನೇ ನೋಡಿದ್ದೇನಲ್ಲ. ಎರಡು ದಿವಸ ನಾವು ಬಾಗಿಲೇ ತೆಗೀಲಿಲ್ಲ. ಜಗಳ ಆದ ಮೇಲಿನ ಮೊದಲ ಪೂಜೆ ಮುಗಿಸಿ ಬರುವಾಗ ಚರ್ಚಿನ ಗೇಟಿನ ಹತ್ರ ಸಿಕ್ಕಿದ. ಕೈಯಲ್ಲಿ ಖುಬ್ಬೂಸ್ ರೊಟ್ಟಿ ಇತ್ತು."

ಕಾದಾಟ ನಡೆದದ್ದು ಗುರುವಾರ. ಮತ್ತೆರಡು ದಿನ ಕಳೆದರೆ ಭಾನುವಾರ, ಚರ್ಚಿನ ದಿನ. ಎಲ್ಲ ಸರಿಹೊಂದಿತು. ಜಲಜಕ್ಕ ಬಂಗುಡೆ ಸಾರಿನಲ್ಲಿ ಎರಡು ಸಲ ಅನ್ನ ಬಡಿಸಿಕೊಂಡು ಉಂಡರು. ನನಗೆ ತೊವ್ವೆ.

ಮರಳಿ ನಮ್ಮ ಪಕ್ಕದ ರೂವಿ ತಲುಪುವಾಗ ಕತ್ತಲಾಗುತ್ತಿತ್ತು. ಚರ್ಚಿನ ಬೀದಿಯಲ್ಲಿ ಕಾರುಗಳು ಅಡ್ಡಾದಿಡ್ಡಿ ನಿಂತಿದ್ದವು. ಜರಿ ಸೀರೆಯ ಹೆಂಗಸರು ಮಕ್ಕಳ ಕೈಹಿಡಿದು ಹೊರಬರುತ್ತಿದ್ದರು. "ಹರ್ ಜುಮಾ ಐಸಾ ಹೀ ಹೈ," ಪ್ರತಿ ಶುಕ್ರವಾರವೂ ಹೀಗೇ ಎಂದು ಟ್ಯಾಕ್ಸಿಯವನು ಗೊಣಗಿದ.

ಆಗ ನನಗೆ ಹೊಳೆಯಿತು. ರಜೆ ಶುಕ್ರವಾರವಾದ್ದರಿಂದ ಈ ದೇಶಗಳಲ್ಲಿ ಚರ್ಚಿನವರ ಭಾನುವಾರದ ಪೂಜೆಯೂ ಶುಕ್ರವಾರವೇ. ಏಳು ವರ್ಷ ಇಲ್ಲಿದ್ದರೂ ನಾವು ಊರಿನ ಲೆಕ್ಕ ಹಾಕಿದ್ದೆವು. ಕಾದಾಟದ ಮರುದಿನವೇ ಪೂಜೆ ಎಂದರೆ, ಆ ದಿನ ಫೆಲಿಕ್ಸ್ ಬಾಗಿಲೇ ತೆರೆದಿರಲಿಲ್ಲ. ಹಾಗಾದರೆ ವಿಠಲ ಸಿಕ್ಕಿದ್ದು ಮುಂದಿನ ಶುಕ್ರವಾರವೋ, ಕಾದಾಟಕ್ಕೂ ಹಿಂದಿನದೋ? ಅಥವಾ ಖುಬ್ಬೂಸ್ ಹಿಡಿದವನು ಬೇರೆ ಯಾರೋ? ನನ್ನ ನಿನ್ನೆಯನ್ನೇ ನಾನು ಪೂರ್ತಿ ನಂಬುವುದಿಲ್ಲ. ಇನ್ನೊಬ್ಬರ ಆಗಸ್ಟನ್ನು ಹೇಗೆ ನಂಬಲಿ?

ಟ್ಯಾಕ್ಸಿಯಿಂದ ಇಳಿದ ಮೇಲೆ ಜಲಜಕ್ಕನಿಗೆ ಹೇಳಿದೆ. ಅವರು ಚರ್ಚಿನ ಕಡೆ ನೋಡುತ್ತ ನಿಂತರು.

"ಮುಂದಿನದೂ ಆಗಿರಬಹುದಲ್ಲ ಭಟ್ರೇ?"

"ಆಗಿರಬಹುದು. ಗೊತ್ತಿಲ್ಲ."

ಅವರು ಫೋನ್ ಬೂತಿನೊಳಗೆ ಹೋದರು. ಗಾಜಿನಾಚೆಯಿಂದ ತುಳು ಕೇಳುತ್ತಿತ್ತು: "ಫೆಲಿಕ್ಸ್ ತೂತೆರ್‌ಗೆ ಅಮ್ಮಾ. ಬೊಜ್ಜ ಮಲ್ಪೊಡ್ಚಿ." ನೋಡಿದ್ದಾರಂತೆ, ಬೊಜ್ಜ ಬೇಡ. ಆಚೆಯಿಂದ ತಾಯಿ ಯಾವಾಗ, ಎಲ್ಲಿ ಎಂದು ಕೇಳಿರಬೇಕು. ಜಲಜಕ್ಕ ಚರ್ಚಿನ ಗೇಟು, ಕೈಯಲ್ಲಿದ್ದ ಖುಬ್ಬೂಸ್ ಎಲ್ಲ ಹೇಳಿದರು. ವಾರದ ಹೆಸರು ಮಾತ್ರ ಹೇಳಲಿಲ್ಲ.